‘ಮಸ್ಟ್ ನಾಟ್ ಹ್ಯಾವ್’ ಎಂದು ಬರೆದದ್ದು ತಪ್ಪೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸರಕು ಸಾಗಣೆ ಕಚೇರಿಯೊಂದರಲ್ಲಿ ಗ್ರಾಹಕರ ಇಮೇಲ್‌ಗಳಿಗೆ ಉತ್ತರಿಸುತ್ತೇನೆ. ಕಳೆದ ವಾರ ಲಂಡನ್ನಿನ ಗ್ರಾಹಕರೊಬ್ಬರಿಗೆ, ಪಾರ್ಸೆಲ್ ತಲುಪಿರಲಿಕ್ಕಿಲ್ಲ ಎಂಬ ಅರ್ಥದಲ್ಲಿ, ‘ದ ಪಾರ್ಸೆಲ್ ಮಸ್ಟ್ ನಾಟ್ ಹ್ಯಾವ್ ರೀಚ್ಡ್ ಯು’ ಎಂದು ಬರೆದೆ. ‘ಮಸ್ಟ್ ನಾಟ್’ ಎಂದರೆ ‘ಕೂಡದು’ ಎಂದಾಗುತ್ತದೆ ಎಂದು ನಮ್ಮ ಹಿರಿಯ ಅಧಿಕಾರಿ ತಿದ್ದಿಸಿದರು. ‘ಮೇ ಹ್ಯಾವ್’, ‘ಮೈಟ್ ಹ್ಯಾವ್’ಗಳ ನಡುವೆಯೂ ಪ್ರತಿಸಲ ತಡವರಿಸುತ್ತೇನೆ. ದಯವಿಟ್ಟು ತಿಳಿಸಿಕೊಡಿ.

ಉತ್ತರ: ನಮಸ್ಕಾರ. ನಿಮ್ಮ ವಾಕ್ಯ ವ್ಯಾಕರಣದ ದೃಷ್ಟಿಯಿಂದ ತಪ್ಪಲ್ಲ. ‘ಯು ಮಸ್ಟ್ ನಾಟ್ ಗೋ’ ಎಂಬುದು ನಿಷೇಧವೇ ಹೌದು. ಆದರೆ ಆಗಿಹೋದದ್ದನ್ನು ಯಾರೂ ನಿಷೇಧಿಸಲಾರರಾದ್ದರಿಂದ, ನಿಮ್ಮ ವಾಕ್ಯದಲ್ಲಿ ‘ಮಸ್ಟ್ ನಾಟ್ ಹ್ಯಾವ್ ರೀಚ್ಡ್’ ಎಂದಾಗ ಉಳಿಯುವುದು ಊಹೆಯೊಂದೇ. ಅಮೆರಿಕದವರು ಇದನ್ನು ಸಹಜವಾಗಿ ಬಳಸುತ್ತಾರೆ, ಬ್ರಿಟಿಷರು ಇಂಥಲ್ಲಿ ಹೆಚ್ಚಾಗಿ ‘ಕಾಂಟ್ ಹ್ಯಾವ್’ ಎನ್ನುತ್ತಾರೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ ವಿಷಯ. ‘ತಲುಪಿರಲಿಕ್ಕಿಲ್ಲ’ ಎನ್ನುವಾಗ ನಿಮ್ಮಲ್ಲಿ ಇನ್ನೂ ಅನುಮಾನವಿದೆ, ಆದರೆ ‘ಕಾಂಟ್ ಹ್ಯಾವ್ ರೀಚ್ಡ್’ ಎಂದರೆ ‘ತಲುಪಿರಲು ಸಾಧ್ಯವೇ ಇಲ್ಲ’ ಎಂದಂತೆ. ಪಾರ್ಸೆಲ್ ಆಗಲೇ ಅವರ ಬಾಗಿಲಲ್ಲಿದ್ದರೆ ಮುಜುಗರವಾಗುವುದು ನಿಮಗೆ. ಆದ್ದರಿಂದ ‘ಐ ಡೋಂಟ್ ಥಿಂಕ್ ದ ಪಾರ್ಸೆಲ್ ಹ್ಯಾಸ್ ರೀಚ್ಡ್ ಯು ಯೆಟ್’ ಎಂದು ಬರೆಯಿರಿ. ನಾವು ‘ತಲುಪಿಲ್ಲ ಅನ್ನಿಸುತ್ತದೆ’ ಎನ್ನುವ ಕಡೆ ಇಂಗ್ಲಿಷಿನವರು ಇಲ್ಲವೆಂಬುದನ್ನು ಸಾಮಾನ್ಯವಾಗಿ ‘ಥಿಂಕ್’ಗೇ ಸೇರಿಸಿ, ಮಾತನ್ನು ಮೆತ್ತಗಾಗಿಸುತ್ತಾರೆ.

ಇನ್ನು ‘ಮೈಟ್ ಹ್ಯಾವ್’. ಕನ್ನಡದಲ್ಲಿ ‘ಡಬ್ಬ ಬಿದ್ದಿರಬಹುದು’ ಎಂದರೆ ಬಿದ್ದಿತೋ ಇಲ್ಲವೋ ತಿಳಿಯದು, ‘ಬೀಳಬಹುದಿತ್ತು’ ಎಂದರೆ ಬೀಳಲಿಲ್ಲ. ನಾವು ಎರಡು ರೂಪಗಳಲ್ಲಿ ಬಿಡಿಸಿಟ್ಟ ಈ ಅರ್ಥಗಳೆರಡೂ ‘ಮೈಟ್ ಹ್ಯಾವ್ ಫಾಲನ್’ ಒಂದರಲ್ಲೇ ಅಡಗಿವೆ. ಸಾಲದ್ದಕ್ಕೆ, ‘ಯು ಮೈಟ್ ಹ್ಯಾವ್ ಟೋಲ್ಡ್ ಅಸ್’ ಎಂಬುದು ನಮ್ಮ ‘ಒಂದು ಮಾತು ಹೇಳಬಹುದಿತ್ತು’ ಎಂಬಂತೆಯೇ ಆಕ್ಷೇಪವಾಗಿಯೂ ಕೇಳಿಸುತ್ತದೆ. ಏನಾಯಿತೆಂದು ತಿಳಿಯದಿದ್ದಾಗ ಗ್ರಾಹಕರಿಗೆ ‘ಮೇ ಹ್ಯಾವ್’ ಎಂದೇ ಬರೆಯುವುದು ಕ್ಷೇಮ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಹಾಗಾದರೆ ಮುಂದೆ ನಡೆಯುವ ಸಂಗತಿಗೂ ‘ಮೇ’ ಎಂದೇ ಬರೆಯಬೇಕೇ? ‘ಬಂದಾನು’, ‘ಬಿದ್ದೀತು’ ಎಂಬುವಕ್ಕೆ ಏನು ಹೇಳುವುದು?

ಉತ್ತರ: ಅಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ‘ದ ಡ್ರೈವರ್ ಮೇ ಕಂ ಆನ್ ಮಂಡೇ’ ಎಂದರೆ ಆತ ಬರುವ ಸಂಭವವಿದೆ ಎಂದೋ, ಬರಲು ಅನುಮತಿಯಿದೆ ಎಂದೋ ಸಂದೇಹ ಉಂಟಾಗಬಹುದು. ನಮ್ಮ ‘ಬರಬಹುದು’ ಕೂಡ ಎರಡನ್ನೂ ಹೊತ್ತಿರುವುದರಿಂದಲೇ ಈ ತೊಡಕು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ‘ಮೈಟ್ ಕಂ’ ಎಂದರೆ ಗೊಂದಲವಿಲ್ಲ. ‘ಬಂದಾನು’ ಎಂಬ ಸಂಭಾವನಾರ್ಥಕ ರೂಪದಲ್ಲಿ ಅನುಮತಿಯ ಸುಳಿವೇ ಇಲ್ಲದಿರುವುದರಿಂದ ಅದಕ್ಕೂ ‘ಮೈಟ್ ಕಂ’ ಎಂಬುದೇ ಹತ್ತಿರ. ‘ಹುಷಾರು, ಮಗು ಬಿದ್ದೀತು’ ಎಂಬುದರಲ್ಲಿ ಊಹೆಗಿಂತ ಆತಂಕ ಹೆಚ್ಚು. ಅದಕ್ಕೆ ನಾನು ‘ಕುಡ್ ಫಾಲ್’ ಎಂದು ಬರೆಯುತ್ತೇನೆ.