ಅಮ್ಮನ ಭುಜದ ನೋವಿಗೆ ಅಲ್ಟ್ರಾಸೌಂಡ್ ಸಾಕೇ, ಎಂಆರ್‌ಐ ಬೇಕೇ?

ಪ್ರಶ್ನೆ, ದಾವಣಗೆರೆಯಿಂದ: ಅಮ್ಮನಿಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ. ಕೆಲವು ತಿಂಗಳಿಂದ ಬಲ ಭುಜದಲ್ಲಿ ನೋವು. ಜಡೆ ಹಾಕಿಕೊಳ್ಳಲೂ ಕೈ ಮೇಲೇಳುತ್ತಿಲ್ಲ. ಮೂಳೆ ವೈದ್ಯರು ಅಲ್ಟ್ರಾಸೌಂಡ್ ಬರೆದುಕೊಟ್ಟಿದ್ದಾರೆ. ನೆಂಟರೆಲ್ಲ ‘ಅದು ಬಸುರಿಯರಿಗೆ ಮಾಡುವುದು, ನೇರವಾಗಿ ಎಂಆರ್‌ಐ ಮಾಡಿಸಿ’ ಎನ್ನುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಫಿಸಿಯೋಥೆರಪಿಸ್ಟ್, ಶಿವಮೊಗ್ಗ: ವೈದ್ಯರು ಬರೆದಿದ್ದನ್ನೇ ಮೊದಲು ಮಾಡಿಸಿ. ಭುಜದ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ನಾರುಗಳು) ಚರ್ಮದಿಂದ ಹೆಚ್ಚು ಆಳದಲ್ಲಿಲ್ಲ. ಅವು ಪೂರ್ತಿ ಹರಿದಿವೆಯೇ ಎಂಬುದನ್ನು ಪಳಗಿದವರ ಕೈಯಲ್ಲಿ ಅಲ್ಟ್ರಾಸೌಂಡ್ ಹೆಚ್ಚುಕಡಿಮೆ ಎಂಆರ್‌ಐನಷ್ಟೇ ಚೆನ್ನಾಗಿ ತೋರಿಸುತ್ತದೆ. ಎಂಆರ್‌ಐಯಲ್ಲಿ ಅಲುಗಾಡದೆ ಮಲಗಿರಬೇಕು. ಅಲ್ಟ್ರಾಸೌಂಡ್‌ನಲ್ಲಾದರೆ ಕೈ ಎತ್ತಿಸಿ, ತಿರುಗಿಸಿ, ನೋವು ಹುಟ್ಟುವ ಗಳಿಗೆಯಲ್ಲೇ ಒಳಗೆ ಏನಾಗುತ್ತದೆ ಎಂದು ನೋಡಬಹುದು.

ಆದರೆ ಯಾರು ಮಾಡುತ್ತಾರೆ ಎಂಬುದು ಬಹಳ ಮುಖ್ಯ. ಚರ್ಮದ ಮೇಲೆ ಆಡಿಸುವ ಪ್ರೋಬ್ ಸ್ವಲ್ಪ ವಾಲಿದರೂ ಗಟ್ಟಿಮುಟ್ಟಾದ ಸ್ನಾಯುರಜ್ಜು ಕಪ್ಪಾಗಿ ಕಂಡು, ಹರಿದಂತೆ ತೋರುತ್ತದೆ. ಕೀಲುಗಳ ಸ್ಕ್ಯಾನ್ ನಿತ್ಯ ಮಾಡುವ ರೇಡಿಯಾಲಜಿಸ್ಟ್ ಇದ್ದಾರೆಯೇ ಎಂದು ಮೊದಲೇ ಫೋನಿನಲ್ಲಿ ವಿಚಾರಿಸಿ. ಎಡ ಭುಜವನ್ನೂ ಹೋಲಿಸಿ ನೋಡಲು ಕೇಳಿಕೊಳ್ಳಿ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆ ಇರುವವರಲ್ಲಿ ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವುದು, ಹೆಚ್ಚು. ಅದನ್ನು ಮುಖ್ಯವಾಗಿ ವೈದ್ಯರು ಕೈಯಿಂದ ಪರೀಕ್ಷಿಸಿಯೇ ಗುರುತಿಸುತ್ತಾರೆ. ಬೇರೆಯವರು ಎತ್ತಿದರೂ ಅಮ್ಮನ ಕೈ ಮೇಲೇಳದಿದ್ದರೆ ಅನುಮಾನ ಆ ಕಡೆಗೆ. ತಾವಾಗಿ ಎತ್ತಲಾಗದೆ, ಬೇರೆಯವರು ಎತ್ತಿದರೆ ಸಲೀಸಾಗಿ ಏಳುವುದಾದರೆ ಸ್ನಾಯುರಜ್ಜಿನ ಕಡೆಗೆ. ಫ್ರೋಜನ್ ಶೋಲ್ಡರ್ ಇದ್ದೂ ಸ್ಕ್ಯಾನ್ ಬಹುತೇಕ ಸರಿಯಾಗಿಯೇ ಬರಬಹುದು. ಹಾಗೆಂದು ನೋವು ಸುಳ್ಳಲ್ಲ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ನೋವೇ ಇಲ್ಲದೆ ಸ್ನಾಯುರಜ್ಜು ಹರಿದಿರುತ್ತದೆ. ವರದಿಯಲ್ಲಿ ‘ಹರಿದಿದೆ’ ಎಂದು ಕಂಡ ತಕ್ಷಣ ಶಸ್ತ್ರಚಿಕಿತ್ಸೆಗೆ ಹೆದರಬೇಡಿ, ಓಡಲೂ ಬೇಡಿ. ವರದಿ ಮತ್ತು ಅಮ್ಮನ ಕೈ ಎರಡನ್ನೂ ಒಟ್ಟಿಗೆ ನೋಡುವ ವೈದ್ಯರ ಬಳಿಗೇ ಹೋಗಿ.

ಚಿಕಿತ್ಸೆ ಪಡೆದವರು, ಹಾಸನ: ನನಗೆ ಸ್ನಾಯುರಜ್ಜಿನಲ್ಲಿ ಸುಣ್ಣದಂಶ ಕಟ್ಟಿತ್ತು. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿ ನೋಡಿಕೊಂಡೇ ಅದನ್ನು ತೊಳೆದು ತೆಗೆದರು, ನಂತರ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಭುಜಕ್ಕೆ ಹಾಯೆನಿಸಿತು, ಆದರೆ ಕೆಲವು ದಿನ ಸಕ್ಕರೆ ಏರಿತು. ನಿಮ್ಮ ಅಮ್ಮನಿಗೆ ಚುಚ್ಚುಮದ್ದು ಎಂದರೆ ಸಕ್ಕರೆಯ ವಿಷಯವನ್ನು ಮೊದಲೇ ಹೇಳಿ, ಮನೆಯಲ್ಲಿ ಪರೀಕ್ಷಿಸುತ್ತಿರಿ.

ರೇಡಿಯಾಲಜಿ ವಿಭಾಗದ ಸಿಬ್ಬಂದಿ, ಬೆಂಗಳೂರು: ಅಲ್ಟ್ರಾಸೌಂಡ್‌ನ ಶಬ್ದತರಂಗ ಮೂಳೆಯನ್ನು ದಾಟುವುದಿಲ್ಲ. ಮೂಳೆಯೊಳಗಿನ ತೊಂದರೆ, ಕೀಲಿನ ಆಳದ ಮೃದ್ವಸ್ಥಿ (ಮೆದು ಮೂಳೆ) ನೋಡಲು ಎಂಆರ್‌ಐಯೇ ಬೇಕು. ಬಿದ್ದು ಪೆಟ್ಟಾಗಿದ್ದರೆ ಮೊದಲು ಎಕ್ಸ್‌ರೇ. ಫಿಸಿಯೋಥೆರಪಿಯಲ್ಲಿ ಜೆಲ್ ಹಚ್ಚಿ ಉಜ್ಜುವ ಅಲ್ಟ್ರಾಸೌಂಡ್ ಯಂತ್ರ ಚಿಕಿತ್ಸೆಗೆ ಮಾತ್ರ, ಅದರಲ್ಲಿ ಚಿತ್ರ ಬರುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಅಲ್ಟ್ರಾಸೌಂಡ್ ಸ್ಕ್ಯಾನ್ ಯಂತ್ರಗಳು ನೋಂದಾಯಿತ ಕೇಂದ್ರಗಳಲ್ಲೇ ಇರಬೇಕು, ಆದ್ದರಿಂದ ಭುಜದ ಸ್ಕ್ಯಾನ್‌ಗೂ ಅಲ್ಲಿಗೇ ಹೋಗಬೇಕಾಗುತ್ತದೆ. ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ. ಅಮ್ಮನಿಗೆ ತೋಳು ಸುಲಭವಾಗಿ ಬಿಚ್ಚುವ ರವಿಕೆ ಹಾಕಿಸಿ.