ಅಪ್‌ಡೇಟ್: ಹೊಗೆ ಬಂದಿದ್ದ ಬಿಬಿಸಿ ಮೈಕ್ರೋ ಮತ್ತೆ ಆನ್ ಆಯ್ತು

ಹೋದ ವಾರ ಕೇಳಿದ್ನಲ್ಲ, ಅಟ್ಟದಿಂದ ಇಳಿಸಿದ ಬಿಬಿಸಿ ಮೈಕ್ರೋ (1980ರ ದಶಕದ ಬ್ರಿಟಿಷ್ ಕಂಪ್ಯೂಟರ್) ಆನ್ ಮಾಡಿ ಹತ್ತೇ ನಿಮಿಷಕ್ಕೆ ಪಟ್ ಅಂತ ಸದ್ದಾಗಿ ಹೊಗೆ ಬಂತು, ಮನೆ ತುಂಬಾ ಕಮಟು ವಾಸನೆ ಅಂತ, ಅದು ಸರಿಹೋಯ್ತು! ಫ್ಯೂಸ್ ನೋಡಿ ಅಂದಿದ್ರು ಕೆಲವ್ರು, ಫ್ಯೂಸ್ ಹೋಗೇ ಇರ್ಲಿಲ್ಲ. ಪವರ್ ಸಪ್ಲೈ ಒಳಗಿನ ಪೇಪರ್ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಬಿಡಿಭಾಗ) ಅಂದವ್ರ ಮಾತೇ ನಿಜ. ಮೇನ್ಸ್‌ಗೆ ಅಡ್ಡವಾಗಿ ಕೂತಿರೋ ಎರಡರ ಮೈಮೇಲೂ ಕೂದಲೆಳೆ ಬಿರುಕು, ಒಂದಂತೂ ಹೊಟ್ಟೆ ಒಡೆದು ಕಂದು ಅಂಟು ಸುರಿಸಿತ್ತು. ವರ್ಷಗಟ್ಟಲೆ ಬಿರುಕಲ್ಲಿ ತೇವ ಇಳಿದು ಹೀಗಾಗುತ್ತಂತೆ. 0.1 ಮತ್ತು 0.01 ಮೈಕ್ರೋಫ್ಯಾರಡ್‌ದು, ಎಕ್ಸ್2 ಗ್ರೇಡ್ (ಮೇನ್ಸ್‌ಗೆ ಅಡ್ಡವಾಗಿ ಹಾಕೋಕಂತಲೇ ಮಾಡಿದ್ದು) ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದೆ. ದಯವಿಟ್ಟು ಈ ಜಾಗಕ್ಕೆ ಮಾಮೂಲಿ ಕೆಪಾಸಿಟರ್ ಹಾಕ್ಬೇಡಿ. ಹಾಗೇ, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಲ್ಲಿ ಚಾರ್ಜ್ ಉಳಿದಿರುತ್ತೆ, ಹುಷಾರು.

ಆದ್ರೂ ಆನ್ ಮಾಡಿದ್ರೆ ಒಂದೇ ಸಮ ಬೀಪ್, ಸ್ಕ್ರೀನ್ ಖಾಲಿ. ರ‍್ಯಾಮ್ ಪೂರ್ತಿ ಬದಲಾಯಿಸೋ ಸಲಹೆ ಬೇಕಾಗ್ಲಿಲ್ಲ, ಓಎಸ್ (ಆಪರೇಟಿಂಗ್ ಸಿಸ್ಟಮ್) ಚಿಪ್ಪು, ಬೇಸಿಕ್ (ಪ್ರೋಗ್ರಾಮಿಂಗ್ ಭಾಷೆ) ಚಿಪ್ಪು ಎರಡನ್ನೂ ಸಾಕೆಟ್ಟಿಂದ ಮೆಲ್ಲಗೆ ಎಬ್ಬಿಸಿ, ಕಪ್ಪಾಗಿದ್ದ ಕಾಲುಗಳನ್ನ ಒರೆಸಿ ಮತ್ತೆ ಕೂರಿಸಿದ್ದಷ್ಟೇ, ಬೂ-ಬೀಪ್ ಅಂತ ಎರಡು ಸ್ವರ ಕೇಳಿ "ಬಿಬಿಸಿ ಕಂಪ್ಯೂಟರ್ 32ಕೆ" ಬಂದೇ ಬಿಡ್ತು, ಕಣ್ಣು ತುಂಬಿ ಬಂತು ನಂಗೆ.

ಇನ್ನೊಂದು, 1984ರಲ್ಲಿ ಶುರುವಾದ, ಸ್ಕೂಲಲ್ಲಿ ಕಂಪ್ಯೂಟರ್ ಕಲಿಸೋ ಸರ್ಕಾರದ ಕ್ಲಾಸ್ (CLASS) ಯೋಜನೆಯಲ್ಲಿ ನಮ್ಮ ದೇಶದ ಸ್ಕೂಲ್‌ಗಳಿಗೆ ಕೊಟ್ಟಿದ್ದು ಇದೇ ಮೆಷಿನ್ನಂತೆ, ಗೊತ್ತೇ ಇರ್ಲಿಲ್ಲ. ಯಾರ ಸ್ಕೂಲಿನ ಮೂಲೇಲಾದ್ರೂ ಇದ್ರೆ, ಪ್ಲಗ್ ಹಾಕೋ ಮುಂಚೆ ಆ ಎರಡು ಕೆಪಾಸಿಟರ್ ಬದಲಾಯಿಸ್ಬಿಡಿ.