ಅಪ್‌ಡೇಟ್: ತಂಗಿಯ ಕಾಲಿನ ಬಿಗಿತಕ್ಕೆ ಕೈಚಿಕಿತ್ಸೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವ ನನ್ನ ತಂಗಿಯ ಮೀನಖಂಡದ ಬಿಗಿತಕ್ಕೆ ಫಿಸಿಯೋಥೆರಪಿಸ್ಟರು ಕೈಯಿಂದ ಮಾಡುವ ಚಿಕಿತ್ಸೆ ಉಪಯೋಗವಾಗುತ್ತದೆಯೇ ಎಂದು ಕೇಳಿದ್ದೆ. ಎಂಟು ವಾರಗಳ ನಂತರ ಇದನ್ನು ಬರೆಯುತ್ತಿದ್ದೇನೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಅಂಗಾಲನ್ನು ಮುಂಗೈಗೆ ಆನಿಸಿ, ಪಾದವನ್ನು ನಿಧಾನವಾಗಿ ಮೇಲಕ್ಕೆ ಒತ್ತಿ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಹಾಗೆಯೇ ಇಟ್ಟುಕೊಂಡರೆ ಸ್ನಾಯು ಸಡಿಲವಾಗುತ್ತದೆ. ಅದನ್ನೇ ಅವಸರದಿಂದ ಎಳೆದರೆ ಸ್ನಾಯುವಿನ ಪ್ರತಿವರ್ತನೆ ಕೆರಳಿ ಪಾದ ಪಟಪಟನೆ ನಡುಗತೊಡಗುತ್ತದೆ. ಮನೆಯಲ್ಲಿ ನಾನು ಮಾಡುತ್ತಿದ್ದ ತಪ್ಪು ಅದೇ. ನರಗಳ ಮಯಲಿನ್ ಹೊದಿಕೆಗೆ ಆದ ಹಾನಿಯನ್ನು ಯಾವ ಮಸಾಜೂ ಸರಿಪಡಿಸದು. ಆದರೆ ಕಾಲು ಸಡಿಲವಾದ ಆ ಹೊತ್ತಿನಲ್ಲೇ ನಿಲ್ಲುವ, ನಡೆಯುವ ಅಭ್ಯಾಸ ಮಾಡಿಸುವುದರಿಂದ ಈಗ ಅವಳ ಹಿಮ್ಮಡಿ ನೆಲಕ್ಕೆ ತಾಗುತ್ತಿದೆ. ಮೈ ಬಿಸಿಯೇರಿದರೆ ಈ ಕಾಯಿಲೆಯ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದರಿಂದ ಬಿಸಿನೀರಿನ ಶಾಖವನ್ನು ಸಂಪೂರ್ಣವಾಗಿ ಬಿಟ್ಟಿದ್ದೇವೆ.